ಅವ್ವನಿಗೆ ತೊಡಿಸಿದ ಮೈ

ಆ ಕೈಗಳು ನಮ್ಮವ್ವನವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಾತನ್ನು ಬೆಳೆಸಿ ಬೆಳೆಸಿ ಹೇಳಲು ನನಗೆ ಬರುವುದಿಲ್ಲ. ಹತ್ತನೆಯ ತರಗತಿಯವರೆಗೆ ಓದಿ, ಮುಡಬಿಯಿಂದ ಹುಮನಾಬಾದಿಗೆ ಮದುವೆಯಾಗಿ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರು ಹೊಲಿಯುವವಳು ನಾನು. ಹೊಲಿಯುವವರಿಗೆ ಒಂದು ಕೆಟ್ಟ ಚಟವಿರುತ್ತದೆ. ಎದುರಿಗೆ ಯಾರೇ ಬಂದು ನಿಂತರೂ ನಾವು ಮೊದಲು ಮುಖ ನೋಡುವುದಿಲ್ಲ, ಭುಜ ನೋಡುತ್ತೇವೆ. ಮದುವೆ ಮನೆಯಲ್ಲಿ ಎಲ್ಲರೂ ಮದುಮಗಳ ಮುಖ ನೋಡುತ್ತಿದ್ದರೆ ನಾನು ಆಕೆಯ ತೋಳಿನ ಹೊಲಿಗೆ ಎಲ್ಲಿ ಜಗ್ಗಿದೆ ಎಂದು ನೋಡುತ್ತಿರುತ್ತೇನೆ. ಹೀಗಾಗಿ ಅವ್ವ ತೀರಿಕೊಂಡ ಮೇಲೆ ತಮ್ಮ ಶಿವರಾಜ ತನಗೊಂದು ನನಗೊಂದು ಎಂದು ಮಾಡಿಸಿದ ಫೋಟೋವನ್ನು ಗೋಡೆಗೆ ಹಾಕಿ, ಅಳು ನಿಂತ ಮೇಲೆ ಒಂದು ಮಧ್ಯಾಹ್ನ ತಲೆಯೆತ್ತಿ ನೋಡಿದಾಗ, ನನಗೆ ಮೊದಲು ಕಂಡದ್ದು ಭುಜ. ಇಷ್ಟು ಗುಂಡನೆಯ ಭುಜ ಅವ್ವನಿಗೆ ಯಾವ ಕಾಲದಲ್ಲಿ ಇತ್ತು? ಜಂಪರಿನ ಕೊರಳು ದೋಣಿಯಂತೆ ಅಗಲ. ಅಂಥ ಕೊರಳಿನ ಜಂಪರು ಹೊಲಿದುಕೊಟ್ಟಿದ್ದರೆ ಅವ್ವ ಅದನ್ನು ನನ್ನ ಮುಖಕ್ಕೇ ಎಸೆಯುತ್ತಿದ್ದಳು.

ಮುಖ ಮಾತ್ರ ಅವ್ವನದು. ಕುತ್ತಿಗೆಯಿಂದ ಕೆಳಗೆ ಯಾರೋ. ಗಿಳಿ ಹಸಿರು ರೇಷ್ಮೆ ಸೀರೆ, ಕೆಂಪು ಅಂಚು, ಕೊರಳಲ್ಲಿ ಮೂರೆಳೆಯ ಸರ, ಎದೆಯ ಮುಂದೆ ಜೋಡಿಸಿದ ಬೆಳ್ಳಗಿನ ಕೈಗಳು, ಬೆರಳಿಗೊಂದು ಕಲ್ಲಿನ ಉಂಗುರ. ಹಿಂದೆ ಮೋಡ, ಗುಲಾಬಿ ಹೂ.

ನಾನು ಸುಮ್ಮನೆ ಇದ್ದೆ. ಸುಮ್ಮನಿರುವುದು ನನ್ನ ಸ್ವಭಾವ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡುವುದನ್ನು ಮರೆತರೆ ಕೇಳುವ ಧೈರ್ಯವಾಗದೆ ಇಳಿದು ಬರುವವಳು. ಆದರೆ ಪಕ್ಕದ ಮನೆಯ ಸುಲೋಚನಾ ಸುಮ್ಮನಿರುವವಳಲ್ಲ. ಜಂಪರು ಬಿಗಿಯಾಗಿದೆ ಎಂದು ಬಿಚ್ಚಿಸಲು ಬಂದವಳು ಗೋಡೆ ನೋಡಿ ನಿಂತುಬಿಟ್ಟಳು.

"ಅಯ್ಯ ಅಕ್ಕಾ, ಇದು ನಮ್ಮತ್ತಿ ಸೀರಿ ಅಲ್ಲೇನು?"

"ನಿಮ್ಮತ್ತಿ ಸೀರಿ ನಮ್ಮವ್ವನ ಮೈಮ್ಯಾಲ ಯಾಕ ಬರ್ತದ?"

"ಸೀರಿ ಒಂದೇ ಅಲ್ಲಕ್ಕ, ಸರಾ ನೋಡು, ಉಂಗುರಾ ನೋಡು. ಬಾ ಇಲ್ಲಿ, ತೋರಸ್ತೀನಿ."

ಅವಳ ಮನೆಯ ನಡುಕೋಣೆಯಲ್ಲಿ, ಮಿಣುಕು ದೀಪದ ಸರದ ಕೆಳಗೆ, ಅವಳ ಅತ್ತೆ ನಮ್ಮವ್ವನ ಮೈ ತೊಟ್ಟುಕೊಂಡು ಕೈಮುಗಿದು ನಿಂತಿದ್ದಳು. ಅದೇ ಹಸಿರು, ಅದೇ ಸರ, ಮೋಡ ಕೂಡ ಅದೇ ಮೂಲೆಯಲ್ಲಿ. ಸುಲೋಚನಾ ಸ್ವಲ್ಪ ಹೊತ್ತು ಬಾಯಿಗೆ ಸೆರಗು ಹಿಡಿದಳು; ಅಳುತ್ತಾಳೇನೋ ಎಂದುಕೊಂಡರೆ ನಗುತ್ತಿದ್ದಳು. "ನಮ್ಮತ್ತಿಗಿ ಬಂಗಾರ ಇಟ್ಕೋಬೇಕಂತ ಭಾಳ ಆಸಿ ಇತ್ತಕ್ಕ. ಮಕ್ಕಳು ಇಡಸ್ಲಿಲ್ಲ, ಸತ್ತಮ್ಯಾಲ ಕಂಪ್ಯೂಟರ್ ಇಡಸ್ತು ನೋಡು."

ಅವಳಿಗೆ ನಗು ಬಂತು, ನನಗೆ ಬರಲಿಲ್ಲ. ಮುಂದಿನ ವಾರ ಬಸವಕಲ್ಯಾಣಕ್ಕೆ ಹೋದಾಗ ಸರ್ಕಲ್ಲಿನಲ್ಲಿ ಯಾರದೋ ಶ್ರದ್ಧಾಂಜಲಿಯ ಬ್ಯಾನರು ಕಟ್ಟಿದ್ದರು. ಮುಖದ ಪರಿಚಯ ಇರಲಿಲ್ಲ. ಕೈಗಳ ಪರಿಚಯ ಇತ್ತು. ಅಂದಿನಿಂದ ಯಾರ ಮನೆಗೆ ಸಮಾಧಾನ ಹೇಳಲು ಹೋದರೂ ನನ್ನ ಕಣ್ಣು ಗೋಡೆಯ ಮೇಲೆ ಆ ಕೈಗಳನ್ನು ಹುಡುಕತೊಡಗಿತು, ಬಹಳ ಸಲ ಸಿಕ್ಕವು ಕೂಡ. ನಮ್ಮ ಸೀಮೆಯಲ್ಲಿ ತಾಯಿ ಸತ್ತರೆ ಮಣ್ಣಿಗೆ ಅವಳ ಮೈ, ಗೋಡೆಗೆ ಈ ಮೈ. ಒಬ್ಬಳಾದರೂ ಕಪ್ಪಗಿಲ್ಲ, ಒಬ್ಬಳ ಉಗುರೂ ಒಡೆದಿಲ್ಲ. ಬದುಕಿದ್ದಾಗ ನೂರು ಬಗೆಯ ಹೆಂಗಸರು. ಸತ್ತ ಮರುದಿನ ಎಲ್ಲರೂ ಸೇರಿ ಒಬ್ಬಳೇ ತಾಯಿ. ಇದಕ್ಕೆ ಮಾತೃಪ್ರೇಮ ಎನ್ನುತ್ತಾರಂತೆ.

ಗಂಡಸರಿಗೂ ಹೀಗೇ ಮಾಡುತ್ತಾರೆ, ನಿಜ. ನಮ್ಮಪ್ಪ ತೀರಿಕೊಂಡಾಗ ಅವನಿಗೆ ಕಪ್ಪು ಕೋಟು, ಕೆಂಪು ಟೈ ಕಟ್ಟಿಸಿ ತಂದಿದ್ದರು. ಬದುಕಿನುದ್ದಕ್ಕೂ ಧೋತರ ಉಟ್ಟ ಮನುಷ್ಯ. ಅವ್ವ ಬಾಗಿಲಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಅಂದಿದ್ದಳು: "ಇಂವ ಯಾವ ವಕೀಲಪ್ಪ? ನಮ್ಮ ಮನ್ಯಾಗ ಏನು ಕೇಸ್ ಅದ?" ಸೂತಕದ ಮನೆಯಲ್ಲಿ ಜನ ತಲೆ ತಗ್ಗಿಸಿ ನಕ್ಕಿದ್ದರು. ಈಗ ಅವಳ ಸರದಿ ಬಂದಾಗ ಹಾಗೆ ಅನ್ನುವವರೇ ಮನೆಯಲ್ಲಿ ಉಳಿದಿರಲಿಲ್ಲ.

ಅವ್ವನ ಒಳ್ಳೆಯ ಫೋಟೋ ಯಾಕೆ ಇರಲಿಲ್ಲ ಎಂದು ನೀವು ಕೇಳಬಹುದು. ಇದ್ದವಲ್ಲ, ಬೇಕಾದಷ್ಟು ಇದ್ದವು. ಅವುಗಳಲ್ಲಿ ಅವ್ವ ಇರಲಿಲ್ಲ, ಅಷ್ಟೇ. ನಾವು ಚಿಕ್ಕವರಿದ್ದಾಗ ಶಾಲೆಗೆ ಫೋಟೋ ಬೇಕೆಂದರೆ ಕಲ್ಯಾಣದಿಂದ ಒಬ್ಬ ಕ್ಯಾಮೆರಾದವನು ಮುಡಬಿಗೆ ಬರುತ್ತಿದ್ದ. ಹಿಂದೆ ಬಿಳಿ ಬಟ್ಟೆ ಬೇಕು ಎನ್ನುತ್ತಿದ್ದ. ಅವ್ವ ಅಪ್ಪನ ಒಗೆದ ಧೋತರವನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಅದರ ಹಿಂದೆ ನಿಲ್ಲುತ್ತಿದ್ದಳು. ಶಿವರಾಜನ ಹಳೆಯ ಫೋಟೋ ಇವತ್ತಿಗೂ ಇದೆ: ನಡುವೆ ಎಣ್ಣೆ ಬಾಚಿದ ತಲೆ, ಬಲ ಅಂಚಿನಲ್ಲಿ ಬಟ್ಟೆ ಹಿಡಿದ ಎರಡು ಬೆರಳು. ನನ್ನ ಫೋಟೋದಲ್ಲೂ ಅವೇ ಬೆರಳು, ಆದರೆ ನಾನು ಅತ್ತು ಹೊರಳಾಡಿದ್ದರಿಂದ ಬಟ್ಟೆ ಜಾರಿ ಮೊಣಕೈಯೂ ಕಾಣುತ್ತದೆ. ಮುಂದೆ ಮದುವೆಗಳಲ್ಲಿ, ತೊಟ್ಟಿಲು ಕಾರ್ಯಗಳಲ್ಲಿ, ಅವ್ವ ಒಂದೋ ಬಡಿಸುತ್ತಿದ್ದಳು, ಇಲ್ಲವೇ ಕ್ಯಾಮೆರಾದವರು "ಅಮ್ಮಾ, ಜರಾ ಆಚಿಗಿ ಸರೀರಿ" ಎನ್ನುತ್ತಿದ್ದರು. ಸರಿಯುತ್ತಿದ್ದಳು. ಶಿವರಾಜ ಸ್ಟುಡಿಯೋಕ್ಕೆ ಕೊಟ್ಟ ಮುಖ ಕೂಡ ಯಾರದೋ ಮದುವೆಯ ಗುಂಪಿನ ಹಿಂದಿನ ಸಾಲಿನಿಂದ ಕತ್ತರಿಸಿದ್ದು. ಬೆಳಕು ಕಣ್ಣಿಗೆ ಹೊಡೆದು, ತುಟಿ ಬಿಗಿದುಕೊಂಡು, ಹೆದರಿದ ಮುಖ. ನಮ್ಮವ್ವ ಹೆದರಿದ್ದನ್ನು ನಾನು ಆ ಫೋಟೋದಲ್ಲಿ ಮಾತ್ರ ನೋಡಿದ್ದೇನೆ.

ಇನ್ನು ಬ್ಯಾನರಿನ ಮಾತು. ಶಿವರಾಜನಿಗೆ ಕಲ್ಯಾಣದಲ್ಲಿ ಗೊಬ್ಬರದ ಅಂಗಡಿ ಇದೆ. ನಾಲ್ಕು ಜನ ದೊಡ್ಡವರ ಪರಿಚಯ. ಅವರೆಲ್ಲ ಸೇರಿ ಮೂರನೆಯ ದಿನಕ್ಕೆ ಬ್ಯಾನರು ಕಟ್ಟಿಸಿದರು. ಕಟ್ಟಿಸಿದವರ ಮುಖಗಳು ಅವ್ವನ ಮುಖಕ್ಕಿಂತ ದೊಡ್ಡವು. ಕೆಳಗೆ ಬರೆಸಿದ್ದರು: ಮೌನವಾಗಿ ಎಲ್ಲವನ್ನೂ ಸಹಿಸಿದ ಸಹನಾಮೂರ್ತಿ. ಆ ದೊಡ್ಡವರಲ್ಲಿ ಒಬ್ಬರು ನಮ್ಮ ಅಂಗಳದಲ್ಲಿ ನಿಂತು ಭಾಷಣವನ್ನೂ ಮಾಡಿದರು. ತಾಯಿ ಎಂದರೆ ಮೇಣದ ಬತ್ತಿಯಂತೆ, ತಾನು ಉರಿದು ಬೆಳಕು ಕೊಡುತ್ತಾಳಂತೆ, ಬಾಯಿ ಬಿಟ್ಟು ಒಂದು ಮಾತು ಆಡುವುದಿಲ್ಲವಂತೆ. ನಾನು ಸೆರಗಿನೊಳಗೆ ಹಲ್ಲು ಕಚ್ಚಿದೆ. ನಮ್ಮವ್ವ ಉರಿದದ್ದು ನಿಜ, ಆದರೆ ಎದುರಿಗಿದ್ದವರಿಗೂ ಬಿಸಿ ತಟ್ಟುತ್ತಿತ್ತು. ಮೌನ! ಮುಡಬಿಯ ಬಸ್ ನಿಲ್ದಾಣದಲ್ಲಿ ನಿಂತು ಅವಳು ಕೂಗಿದರೆ ಕೆರೆಯ ಕಡೆಯ ಎಮ್ಮೆಗಳು ತಿರುಗಿ ನೋಡುತ್ತಿದ್ದವು. ಸತ್ತವರಿಗೆ ಇಲ್ಲದ ಗುಣ ಹೊರಿಸುವುದು ವಾಡಿಕೆ, ಒಪ್ಪುತ್ತೇನೆ. ಆದರೆ ತಾಯಂದಿರಿಗೆ ಮಾತ್ರ ಯಾವಾಗಲೂ ಇದೇ ಒಂದು ಗುಣ ಯಾಕೆ? ಸಹಿಸಿದಳು, ಸಹಿಸಿದಳು. ಯಾರು ಕೊಟ್ಟದ್ದನ್ನು ಸಹಿಸಿದಳು ಎಂದು ಯಾವ ಬ್ಯಾನರಿನಲ್ಲೂ ಬರೆಯುವುದಿಲ್ಲ.

ಬರೆಯಬೇಕಾದ್ದು ಬೇರೆಯೇ ಇತ್ತು. ಅದನ್ನು ಇಲ್ಲಿ ನಾನೇ ಬರೆಯುತ್ತೇನೆ.

ಮಳೆಗಾಲದಲ್ಲಿ ತೊಗರಿ, ಹೆಸರು, ಸೋಯಾ ಹೊಲಗಳಲ್ಲಿ ಕಳೆ ತೆಗೆಯಲು ಹೆಂಗಸರ ಗುಂಪು ಹೋಗುತ್ತದೆ. ಒಬ್ಬೊಬ್ಬಳಿಗೆ ಒಂದೊಂದು ಸಾಲು. ಹಾಲೂಡುವ ಕೂಸಿದ್ದವರು ಬದುವಿನ ಬೇವಿನ ಗಿಡಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಕೂಸು ಮಲಗಿಸುತ್ತಾರೆ. ಯಾರಿಗೆ ಯಾವ ಸಾಲು ಎಂದು ಹೇಳುವವನು ಧಣಿಯ ಆಳು. ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ರಜೆಯೆಂದು ಅವ್ವನ ಬೆನ್ನಿಗೆ ಹೋದ ದಿನ, ಒಬ್ಬ ಬಾಣಂತಿಗೆ ಹೊಲದ ಆ ತುದಿಯ ಸಾಲು ಬಂದಿತ್ತು. ಈ ತುದಿಯ ಗಿಡದಲ್ಲಿ ಕೂಸು ಕಿರುಚುತ್ತಿತ್ತು. ಆಕೆಯ ಜಂಪರು ಎರಡೂ ಕಡೆ ತೊಯ್ದಿತ್ತು. ಆಳು ಹೇಳಿದ: "ಸಾಲು ಮುಗಿಸಿ ಹೋಗು. ಅತ್ರ ಕೂಸೇನು ಸಾಯಲ್ಲ."

ಅವ್ವ ಎದ್ದು ನಿಂತಳು. ಕೈಯಲ್ಲಿ ಕಳೆ ಕೀಳುವ ಖುರ್ಪಿ ಇತ್ತು.

"ಏ, ನೀ ಹುಟ್ಟಿದಾಗ ನಿಮ್ಮವ್ವ ಸಾಲು ಮುಗಿಸಿ ಬಂದಿದ್ಳೇನು? ಇವತ್ತಿನಿಂದ ಗಿಡದ ಕಡೀ ಸಾಲು ಹಾಲು ಕುಡಸೋರದು. ಹೋಗಿ ನಿಮ್ಮ ಧಣಿಗಿ ಹೇಳು, ಕಾಶವ್ವ ಅಂದಾಳಂತ."

ಹೆಂಗಸರೆಲ್ಲ ಕೂತಲ್ಲೇ ಕೂತರು. ಒಬ್ಬಳೂ ಕಳೆಗೆ ಕೈ ಹಚ್ಚಲಿಲ್ಲ. ಕೂಸು ಹಾಲು ಕುಡಿದು ಮಲಗುವವರೆಗೆ ಹೊಲವೆಲ್ಲ ಸ್ತಬ್ಧ. ಮತ್ತೆ ಬಗ್ಗಿದಾಗ ಆ ಬಾಣಂತಿಯ ಹಿಂದುಳಿದ ಸಾಲನ್ನು ಎಡಬಲದವರು ಹಂಚಿಕೊಂಡು ಕಿತ್ತರು. ಅದೂ ಅವ್ವನ ಅಪ್ಪಣೆಯೇ. ನಾನು ಕೂಸಿದ್ದಾಗ ಅಂಥದೇ ಜೋಳಿಗೆಯಲ್ಲಿ ಅತ್ತವಳಿರಬೇಕು. ನನಗೆ ನೆನಪಿಲ್ಲ. ಅವಳಿಗಿತ್ತು.

ಮುಡಬಿಯ ಸುತ್ತಲಿನ ಹೊಲಗಳಲ್ಲಿ ಗಿಡದ ಕಡೆಯ ಸಾಲಿಗೆ ಇವತ್ತಿಗೂ ಕಾಶವ್ವನ ಸಾಲು ಅನ್ನುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯೊಬ್ಬಳು ಕಾಶವ್ವ ಅಂದರೆ ಹೊಲ ಕಾಯುವ ದೇವರು ಎಂದುಕೊಂಡು ಮೊದಲ ದಿನ ಆ ಸಾಲಿಗೆ ಕೈಮುಗಿದು ಇಳಿದಳಂತೆ. ಅವ್ವನೇ ಬದುವಿನ ಮೇಲೆ ಕೂತು ನೋಡಿ, "ದೇವ್ರು ಇಲ್ಲಿ ಎಲಿಅಡಿಕಿ ತಿನ್ನಾಕತ್ತಾಳ, ನೀ ಕಳಿ ಕೀಳು" ಎಂದಳಂತೆ. ಇಷ್ಟು ದೊಡ್ಡ ಮಾತನ್ನು ಬಿಟ್ಟು ಅವಳಿಗೆ ಮೌನದ ಪದವಿ ಕೊಟ್ಟರಲ್ಲ! ಇದಕ್ಕಿಂತ ಬ್ಯಾನರು ಕಟ್ಟದೆ ಇದ್ದಿದ್ದರೆ ಚೆನ್ನಾಗಿತ್ತು.

ಸಿಟ್ಟು ಬಂದರೆ ಜನ ಏನೇನೋ ಮಾಡುತ್ತಾರೆ. ನಾನು ಕಲ್ಯಾಣದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸ್ಟುಡಿಯೋದವನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಮಸೆಯುತ್ತ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಅವನು, "ಬರ್ರಿ ಅಕ್ಕೋರ, ಕೂಡ್ರಿ. ಅಮ್ಮಂದು ಫೋಟೋ ಮಸ್ತ್ ಬಂದದಲ್ರಿ?" ಎಂದ. "ಹೌದ್ರಿ" ಎಂದುಬಿಟ್ಟೆ! ಹುಟ್ಟುಗುಣ.

ಸುಧಾರಿಸಿಕೊಂಡು, ಈ ಮೈ ಯಾರದು ಎಂದು ಕೇಳಿದೆ. ಅವನು ಸಂಕೋಚವಿಲ್ಲದೆ ಹೇಳಿದ, "ಅದು ಕಂಪ್ಯೂಟರ್‌ನಾಗ ಬರ್ತದ್ರಿ. ಗಂಡಸರಿಗಿ ಕೋಟು, ಹೆಣ್ಮಕ್ಕಳಿಗಿ ಹಸಿರು ಸೀರಿ. ಎಲ್ಲಾ ಸ್ಟುಡಿಯೋದಾಗೂ ಇದೇ ಇರ್ತದ. ನಿಮ್ಮ ಅಮ್ಮಂದು ಗದ್ದದಮ್ಯಾಲ ಕಲಿ ಇತ್ತಲ್ರಿ, ಅದನ್ನೂ ಸಾಫ್ ಮಾಡೀನಿ."

"ಅದು ಕಲಿ ಅಲ್ರಿ. ಹಚ್ಚಿ ಹಾಕಿಸಿದ್ದು."

"ಹಚ್ಚಿ ಇದ್ರ ಹಳೇ ಕಾಲದವರ ಗತೆ ಕಾಣಸ್ತಾರ್ರಿ."

"ಹಳೇ ಕಾಲದಕೀನ ಇದ್ಳು" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವನು ಕೆಟ್ಟವನಲ್ಲ. ಬೇರೆ ಫೋಟೋ ಇದ್ದರೆ ತನ್ನಿ, ಏನೂ ಅಳಿಸದೆ ಮಾಡಿಕೊಡುತ್ತೇನೆ ಎಂದ. ಬೇರೆ ಫೋಟೋ! ಎರಡು ಬೆರಳಿನ ಫೋಟೋ ಕೊಡಲೇ?

ಮರುದಿನ ಮುಡಬಿಗೆ ಹೋದೆ. ಕಳೆಯ ದಿನಗಳು. ಅವ್ವನ ಗುಂಪಿನ ಹೆಂಗಸರು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನನ್ನನ್ನು ಕಂಡು ಅವರಿಗೂ ಅಳು ಬಂತು, ನನಗೂ ಬಂತು, ಅಳುತ್ತಲೇ ರೊಟ್ಟಿ ಕೈಗಿಟ್ಟರು. ವಿಷಯ ಹೇಳಿದೆ. ಲಕ್ಷ್ಮಿ ಎಂಬ ಹುಡುಗಿ, ಮಡಿಲಲ್ಲಿ ಕೂಸು ಇದ್ದವಳು, ತನ್ನ ಮೊಬೈಲು ತೆಗೆದು ಹುಡುಕಿ ತೋರಿಸಿದಳು.

ಅವ್ವ ಇದ್ದಳು. ಪೂರ್ತಿ ಇದ್ದಳು. ಹೋದ ಮಳೆಗಾಲದ್ದು, ಅವಳು ಜ್ವರದಿಂದ ಮಲಗುವ ಮುಂಚಿನದು. ಆಗ ಅವಳಿಗೆ ಕಳೆ ಕೀಳಲು ಆಗುತ್ತಿರಲಿಲ್ಲ. ಗಿಡದ ಕೆಳಗೆ ಕೂತು ಎಲ್ಲರ ಕೂಸುಗಳ ಜೋಳಿಗೆ ತೂಗುತ್ತಿದ್ದಳು. ಫೋಟೋದಲ್ಲಿ ಒಂದು ಕೈ ಜೋಳಿಗೆಯ ಅಂಚಿನ ಮೇಲೆ. ಇನ್ನೊಂದು ಕೈಯ ಸೊಟ್ಟ ಬೆರಳು ನೇರ ನಮ್ಮ ಕಡೆಗೆ ಚಾಚಿದೆ. ಸೆರಗು ಹೆಗಲಿಗೆ ಜಾರಿದೆ, ಗದ್ದದ ಹಚ್ಚೆ ಬೆವರಿನಲ್ಲಿ ಹೊಳೆಯುತ್ತಿದೆ, ಬಾಯಿ ಅಗಲವಾಗಿ ತೆರೆದಿದೆ. ಉಳಿದ ಹಲ್ಲುಗಳು ಎಲೆಯಡಿಕೆಗೆ ಕೆಂಪು.

"ನನಗ ಬೈಯಾಕತ್ತಿದ್ಳು ಅಕ್ಕ" ಎಂದಳು ಲಕ್ಷ್ಮಿ. "ಕೂಸು ಅಳಾಕತ್ತದ, ನೀ ಫೋಟೋ ಹೊಡೀತೀ ಏನು ರಂಡೆ, ಅಂತ."

ಫೋಟೋವನ್ನು ನನ್ನ ಮೊಬೈಲಿಗೆ ಕಳಿಸಿಕೊಂಡು ಕಲ್ಯಾಣದ ಶಿವರಾಜನ ಮನೆಗೆ ಹೋಗಿ ತೋರಿಸಿದೆ. ಅವನು ತಲೆ ಹಿಡಿದುಕೊಂಡ. "ಅಕ್ಕ, ಇದನ್ನ ವರ್ಷದ ಕಾರ್ಯಕ್ಕ ಇಡೋದೇನು? ಹಾರ ಹ್ಯಾಂಗ ಹಾಕೋದು? ಹಲ್ಲು ಕಾಣಸಾಕತ್ತಾವ. ಮಂದಿ ನಗ್ತಾರ."

"ನಗಲಿ."

"ಆ ಫೋಟೋದಾಗ ಅವ್ವ ಸುಖಾ ಕಾಣಸ್ತಾಳ."

"ಆ ಸುಖ ಅವ್ವಂದಲ್ಲೋ ತಮ್ಮ. ಸುಲೋಚನಾನ ಅತ್ತೀದು."

ಅವನು ಗೋಡೆಯ ಕಡೆ ಮುಖ ಮಾಡಿ, "ಇದ್ದಾಗ ಒಂದು ರೇಶ್ಮಿ ಸೀರಿ ಉಡಸ್ಲಿಲ್ಲ ಅಕ್ಕ. ಹಿಂಗಾದ್ರೂ ನೋಡೂಣು ಅಂತ" ಎಂದ. ಆದರೂ ಹೇಳುತ್ತೇನೆ, ಸಿಟ್ಟು ಇಳಿಯಲಿಲ್ಲ. ಮಕ್ಕಳ ಆಸೆ ತೀರಲಿ ಎಂದು ಸತ್ತವಳ ಕೈಗಳನ್ನು ಬದಲಾಯಿಸಲು ಬರುತ್ತದೆಯೇ? ನಾಳೆ ಶಿವರಾಜನ ಮೊಮ್ಮಕ್ಕಳು ಗೋಡೆ ನೋಡಿ, ನಮ್ಮ ಮುತ್ತಜ್ಜಿ ಸೀರೆಯುಟ್ಟು ಸುಮ್ಮನೆ ಕೈಮುಗಿದು ನಿಂತವಳು ಎಂದುಕೊಳ್ಳುತ್ತಾರೆ. ಹೆಣ್ಣುಕೂಸುಗಳಾದರೆ ತಾವೂ ಹಾಗೇ ನಿಲ್ಲಬೇಕು ಎಂದುಕೊಳ್ಳುತ್ತವೆ.

ಅವನ ಒಪ್ಪಿಗೆಗೆ ಕಾಯದೆ ನಾನು ಮತ್ತೆ ಸ್ಟುಡಿಯೋಕ್ಕೆ ಹೋದೆ. ಅಲ್ಲಿ ಪಾಸ್‌ಪೋರ್ಟ್ ಫೋಟೋದವರು ನಾಲ್ಕಾರು ಜನ ಕೂತಿದ್ದರು. ಸ್ಟುಡಿಯೋದವನು ಪರದೆಯ ಮೇಲೆ ಅವ್ವನನ್ನು ದೊಡ್ಡದು ಮಾಡಿ, ನಾಲಿಗೆ ಲೊಚಗುಟ್ಟಿ, ಬಹಳ ಉಪಕಾರದ ದನಿಯಲ್ಲಿ ಹೇಳಿದ: "ಫಿಕರ್ ಮಾಡಬ್ಯಾಡ್ರಿ ಅಕ್ಕೋರ. ಬಾಯಿ ಮುಚ್ಚಸ್ತೀನಿ."

ಅಪ್ಪನಿಂದ ಆಗಲಿಲ್ಲ, ಧಣಿಯಿಂದ ಆಗಲಿಲ್ಲ, ಧಣಿಯ ಆಳಿನಿಂದ ಆಗಲಿಲ್ಲ. ಈತ ಒಂದು ಗುಂಡಿ ಒತ್ತಿ ಮುಚ್ಚಿಸುತ್ತಾನಂತೆ.

"ಮುಚ್ಚಬ್ಯಾಡ!" ಎಂದೆ. ಕೂತವರೆಲ್ಲ ಎದ್ದರು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ಒಳಗೆ ಇಣುಕಿದ. ಆ ದನಿ ಎಲ್ಲಿಂದ ಬಂತೋ ನನಗೆ ತಿಳಿಯದು. ಹೊಟ್ಟೆಯಲ್ಲಿ ಎಷ್ಟು ವರ್ಷದಿಂದ ಇತ್ತೋ. "ಹಚ್ಚಿ ಅಳಿಸಬ್ಯಾಡ, ಬೆರಳು ನೆಟ್ಟಗ ಮಾಡಬ್ಯಾಡ, ಬೆಳ್ಳಗ ಮಾಡಬ್ಯಾಡ. ಹ್ಯಾಂಗ ಇದ್ಳೋ ಹಾಂಗ ತೆಗಿ."

"ನಿಮ್ಮ ಖುಷಿ ರೀ" ಎಂದು ಅವನು ಮೆಲ್ಲಗೆ ಪ್ರಿಂಟು ತೆಗೆದ.

ವರ್ಷದ ಕಾರ್ಯ ಶಿವರಾಜನ ಮನೆಯಲ್ಲಿ. ನಾನು ಫೋಟೋಕ್ಕೆ ಕಟ್ಟು ಹಾಕಿಸಿ, ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹುಮನಾಬಾದಿನಿಂದ ಬೆಳಿಗ್ಗೆಯೇ ಬಂದೆ. ಪಡಸಾಲೆಯಲ್ಲಿ ಮೇಜಿನ ಮೇಲೆ ಹಸಿರು ಸೀರೆಯಾಕೆಯನ್ನು ಆಗಲೇ ಕೂರಿಸಿದ್ದರು, ಊದುಬತ್ತಿ ಹಚ್ಚಿದ್ದರು. ನಾನು ನನ್ನ ಗಂಟನ್ನು ಗೋಡೆಗೆ ಒರಗಿಸಿ ಕೂತೆ. ಮುಡಬಿಯ ಹೆಂಗಸರು ಟೆಂಪೋದಲ್ಲಿ ಬಂದಿಳಿದರು. ಮೇಜಿನ ಮುಂದೆ ಸಾಲಾಗಿ ಬಂದು, ದೊಡ್ಡವರ ಮನೆಯ ದೇವರಿಗೆ ಮಾಡುವಂತೆ ದೂರದಿಂದ ಕೈಮುಗಿದು, ಗೋಡೆಯ ಬುಡದಲ್ಲಿ ಸಾಲಾಗಿ ಕೂತರು. ಒಬ್ಬಳ ಕಣ್ಣಲ್ಲೂ ನೀರಿಲ್ಲ. ಯಾರ ಮನೆಗೋ ಬಂದವರಂತೆ ಮೆಲ್ಲಗೆ ಮಾತಾಡುತ್ತಿದ್ದರು.

ನನ್ನಿಂದ ತಡೆಯಲಾಗಲಿಲ್ಲ. ಗಂಟು ಬಿಚ್ಚಿ ನಾನು ತಂದ ಫೋಟೋವನ್ನು ಅವರ ಎದುರಿಗೆ ಹಿಡಿದೆ.

"ಯವ್ವಾ!" ಎಂದಳು ಲಕ್ಷ್ಮಿ. "ನೋಡ್ರಿ ನೋಡ್ರಿ, ನನಗ ಬೈಯಾಕತ್ತಾಳ!"

"ನಿನಗಲ್ಲ ಹುಚ್ಚಿ" ಎಂದಳು ಹಿರಿಯಳಾದ ನಾಗಮ್ಮ, "ನಿನ್ನ ಹಿಂದ ನಾ ನಿಂತಿದ್ದೆ. ನೀರು ತರೂದು ಮರತಿದ್ದೆ. ಬೆರಳು ನೋಡು, ನನ್ನ ಕಡೀನ ಅದ."

"ನಿನಗ ಬೈಯೋದಿದ್ರ ಇನ್ನಾ ದೊಡ್ಡ ಬಾಯಿ ತೆಗೀತಿದ್ಳು!"

ಅವರು ನಗುತ್ತಿದ್ದರು, ಬಾಯಿಗೆ ಸೆರಗು ತುಂಬಿ ಅಳುತ್ತಿದ್ದರು, ಅವ್ವ ತನಗೇ ಬೈದದ್ದು ಎಂದು ಜಗಳ ಆಡುತ್ತಿದ್ದರು. ಶಿವರಾಜ ಹಿತ್ತಿಲಿನಿಂದ ಅನ್ನದ ಬುಟ್ಟಿ ಹಿಡಿದುಕೊಂಡು ಬಂದವನು ಗದ್ದಲ ಕೇಳಿ ಬಾಗಿಲಲ್ಲೇ ನಿಂತ. ಅವನ ಕಣ್ಣು ಫೋಟೋದ ಮೇಲೆ ಬಿತ್ತು. ಅವ್ವನ ಬೆರಳು ಬಾಗಿಲ ಕಡೆಗೇ ಇತ್ತು.

ಅಷ್ಟರಲ್ಲಿ, ಹಿಂದೆ ನಮ್ಮ ಅಂಗಳದಲ್ಲಿ ಭಾಷಣ ಮಾಡಿದ್ದ ಆ ದೊಡ್ಡವರು ಹೊರಗೆ ಕಾರಿನಿಂದ ಇಳಿದರು. ಅವರ ಹಿಂದೆ ಒಬ್ಬ, ತೋಳು ದಪ್ಪದ ಚೆಂಡು ಹೂವಿನ ಹಾರ ಹೊತ್ತುಕೊಂಡಿದ್ದ. ಹೆಂಗಸರು ಮಾತು ನಿಲ್ಲಿಸಿದರು. ಶಿವರಾಜ ಬುಟ್ಟಿ ಕೆಳಗಿಟ್ಟ. ಮೇಜಿನ ಹತ್ತಿರ ಹೋಗಿ, ಹಸಿರು ಸೀರೆಯ ಫೋಟೋ ಎತ್ತಿ, ಮುಖ ಗೋಡೆಗೆ ಮಾಡಿ ಕೆಳಗಿಟ್ಟ. ನನ್ನ ಕೈಯಿಂದ ಅವ್ವನನ್ನು ತೆಗೆದುಕೊಂಡು ಮೇಜಿನ ಮೇಲೆ ನಿಲ್ಲಿಸಿದ.

ದೊಡ್ಡವರು ಒಳಗೆ ಬಂದು ಹಾರ ಹಿಡಿದು ನೋಡಿದರು, ನೋಡಿ ಹಿಂದೆ ಸರಿದರು. "ಶಿವರಾಜ, ಬ್ಯಾರೆ ಫೋಟೋ ಇತ್ತಲ್ಲಪ್ಪ? ಚೊಲೋದು?"

"ಅದು ಬ್ಯಾರೆ ಮನಿ ತಾಯೀದು ಅದರಿ" ಎಂದ ಶಿವರಾಜ. "ನಮ್ಮವ್ವ ಇಕಿ."

ಅವರು ಹಾರ ಹಾಕಿ, ಕಣ್ಣು ಮುಚ್ಚಿ ಕೈಮುಗಿದು, ಊಟಕ್ಕೆ ಕೂರಲು ನಡೆದರು. ಹಾರ ದೊಡ್ಡದು, ಫೋಟೋ ಅದಕ್ಕೆ ಚಿಕ್ಕದು. ಹೂಗಳೆಲ್ಲ ನಡುವಿಗೆ ಜಾರಿ, ಅವ್ವನ ಮೂಗಿನಿಂದ ಗದ್ದದವರೆಗೆ ಮುಚ್ಚಿಕೊಂಡವು. ಕಣ್ಣು ಮಾತ್ರ ಕಾಣುತ್ತಿದ್ದವು. ನಾನು ಏಳಬೇಕೆನ್ನುವಷ್ಟರಲ್ಲಿ ಶಿವರಾಜನೇ ಮುಂದೆ ಬಂದ. ಹಾರದ ಎರಡೂ ಎಳೆಗಳನ್ನು ಹಿಡಿದು, ಕಟ್ಟಿನ ಆಚೆಗೊಂದು ಈಚೆಗೊಂದು ಸರಿಸಿ, ಒಂದು ಹೆಜ್ಜೆ ಹಿಂದೆ ಬಂದು ನೋಡಿದ. ಇನ್ನೂ ಒಂದು ಹೂವು ತುಟಿಗೆ ಅಡ್ಡ ಬರುತ್ತಿತ್ತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ.